ಬ್ರೇಕ್ ಲೈಟ್ ಹತ್ತುತ್ತಲ್ಲಾ, ಮತ್ತೇನು?

"ಬ್ರೇಕ್ ಲೈಟ್ ಸರಿಯಾಗಿ ಹತ್ತುತ್ತಲ್ಲಾ ಸಾರ್, ಅಂದ್ಮೇಲೆ ಸ್ವಿಚ್ ಚೆನ್ನಾಗೇ ಇದೆ."

ವಾರವಿಡೀ ಕಿವಿಯಲ್ಲಿ ಗುಂಯ್‌ಗುಡುತ್ತಿರುವುದು ಇದೊಂದೇ ಮಾತು. ಕಾರಿನ ಕ್ರೂಸ್ ಕಂಟ್ರೋಲ್, ಅಂದರೆ ಆಕ್ಸಿಲರೇಟರ್ ಒತ್ತದೆಯೇ ಸೆಟ್ ಮಾಡಿದ ವೇಗವನ್ನು ಹಿಡಿದಿಡುವ ವ್ಯವಸ್ಥೆ, ನಡುನಡುವೆ ತಾನೇ ಬಿಟ್ಟುಬಿಡುತ್ತಿತ್ತು. ಮಾತು ಬಂದದ್ದು ಬ್ರೇಕ್ ಪೆಡಲಿನ ಸ್ವಿಚ್ಚಿನ ಬಗ್ಗೆ. ನನ್ನೆದುರು ಇದನ್ನು ಹೇಳಿದವರು ಕಾರಿನ ಯಜಮಾನರು, ಅವರಿಗೆ ಹೇಳಿಕೊಟ್ಟಿದ್ದು ಮೊದಲು ಕಾರು ನೋಡಿದ ಮೆಕ್ಯಾನಿಕ್. ಆ ಮಾತನ್ನು ನಂಬಿ ಸ್ಟೀರಿಂಗ್ ಬಿಚ್ಚಿಸಿ ಹೊಸ ಕ್ಲಾಕ್ ಸ್ಪ್ರಿಂಗ್ (ಸ್ಟೀರಿಂಗ್ ಮೇಲಿನ ಬಟನ್ನುಗಳಿಗೆ ವೈರ್ ಒಯ್ಯುವ ಸುರುಳಿ ಪಟ್ಟಿ) ಹಾಕಿಸಿದ್ದೂ ಆಗಿತ್ತು. ಕ್ರೂಸ್ ಕಂಟ್ರೋಲ್ ಮಾತ್ರ ತನ್ನ ಚಾಳಿ ಬಿಟ್ಟಿರಲಿಲ್ಲ. ಇನ್ನು ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬದಲಿಸಬೇಕು ಎಂದಾಗ ಅವರಿಗೆ ನಿಜಕ್ಕೂ ಗಾಬರಿಯಾಗಿದೆ.

ತೊಂದರೆ ಇಷ್ಟು: ಬಟನ್ ಒತ್ತಿದರೆ ಮೀಟರಿನಲ್ಲಿ ಕ್ರೂಸ್ ಚಿಹ್ನೆ ಬರುತ್ತದೆ. 80ಕ್ಕೆ ಸೆಟ್ ಮಾಡಿದರೆ ಹಿಡಿದುಕೊಳ್ಳುತ್ತದೆ, ನುಣುಪು ರಸ್ತೆಯಲ್ಲಿ ಎಷ್ಟು ಹೊತ್ತಾದರೂ ಬಿಡುವುದಿಲ್ಲ. ಚಕ್ರ ಒಂದು ಸಣ್ಣ ಹಳ್ಳಕ್ಕೆ ಇಳಿದರೆ ಸಾಕು, ಬಿಟ್ಟುಬಿಡುತ್ತದೆ. ರೆಸ್ಯೂಮ್ ಒತ್ತಿದರೆ ಮತ್ತೆ ಹಿಡಿಯುತ್ತದೆ.

ಕ್ರೂಸ್ ಕಂಟ್ರೋಲ್ ಕಂಡುಹಿಡಿದ ರಾಲ್ಫ್ ಟೀಟರ್‌ಗೆ ಐದನೇ ವಯಸ್ಸಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಕೂತು, ಓಡಿಸುವವರ ಕಾಲು ಹೆಚ್ಚುಕಡಿಮೆಯಾದಾಗ ಕಾರು ಜಗ್ಗುವುದನ್ನು ಮೈಯಿಂದಲೇ ಅರಿಯುತ್ತಿದ್ದರಂತೆ. ಪೇಟೆಂಟ್ ಸಿಕ್ಕಿದ್ದು 1950ರಲ್ಲಿ, ಕ್ರೈಸ್ಲರ್ ಕಾರುಗಳಲ್ಲಿ ಬಂದಿದ್ದು 1958ರಲ್ಲಿ. ಈ ದೋಷವನ್ನು ಹುಡುಕುವುದೂ ಹಾಗೆಯೇ, ಮೊದಲು ಮೈಯಿಂದ. ಯಾವಾಗ ಬಿಡುತ್ತದೆ? ಸ್ಟೀರಿಂಗ್ ತಿರುಗಿಸಿದಾಗಲೇ? ಹಳ್ಳಕ್ಕೆ ಬಿದ್ದಾಗಲೇ? ಏರಿನಲ್ಲೇ? ಇಲ್ಲಾ ಸೆಟ್ ಆಗುವುದೇ ಇಲ್ಲವೇ? ಇದನ್ನು ಕೇಳದೆ ಸ್ಪ್ಯಾನರ್ ಹಿಡಿಯಬಾರದು.

ಕ್ಲಾಕ್ ಸ್ಪ್ರಿಂಗ್ ಕೆಟ್ಟಿದ್ದರೆ ತಿರುವುಗಳಲ್ಲಿ ಕೈಕೊಡುತ್ತದೆ. ಸುರುಳಿ ಸುತ್ತಿದ ಆ ಪಟ್ಟಿಯಲ್ಲೇ ಹಾರ್ನ್, ಆಡಿಯೋ ಬಟನ್, ಏರ್‌ಬ್ಯಾಗ್ ಎಲ್ಲದರ ಎಳೆಗಳೂ ಇರುವುದರಿಂದ ಸಾಮಾನ್ಯವಾಗಿ ಅವುಗಳಲ್ಲಿ ಒಂದಾದರೂ ಜೊತೆಗೆ ತೊಂದರೆ ಕೊಡುತ್ತದೆ. ಇನ್ನೊಂದು ಬಗೆಯೂ ಇದೆ. ಅನೇಕ ಕಾರುಗಳಲ್ಲಿ ಆನ್, ಸೆಟ್, ರೆಸ್ಯೂಮ್, ಕ್ಯಾನ್ಸಲ್ ಎಲ್ಲಕ್ಕೂ ಒಂದೇ ವೈರ್, ಪ್ರತಿ ಬಟನ್ನಿಗೂ ಬೇರೆ ಬೇರೆ ರೆಸಿಸ್ಟೆನ್ಸ್. ಬಟನ್ನಿನ ಕಾಂಟ್ಯಾಕ್ಟ್ ಕೊಳೆಯಾಗಿ ಆ ರೆಸಿಸ್ಟೆನ್ಸ್ ಏರಿದರೆ ಸೆಟ್ ಒತ್ತಿದ್ದನ್ನು ಇಸಿಎಂ ಇನ್ನೇನೋ ಎಂದುಕೊಳ್ಳುತ್ತದೆ. ಈ ಕಾರಿನಲ್ಲಿ ಹಾರ್ನ್ ಸರಿ, ವಾಲ್ಯೂಮ್ ಸರಿ, ಏರ್‌ಬ್ಯಾಗ್ ದೀಪ ಇಲ್ಲ, ಯಾವ ತಿರುವಿನಲ್ಲೂ ಬಿಟ್ಟದ್ದಿಲ್ಲ. ಹಾಗಿದ್ದೂ ಸ್ಟೀರಿಂಗಿಗೆ ಕೈಹಾಕಿದ್ದು ಅವಸರದ ಕೆಲಸ. ಏರ್‌ಬ್ಯಾಗ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು, ಮ್ಯಾನ್ಯುಯಲ್ ಹೇಳಿದಷ್ಟು ನಿಮಿಷ ಕಾದರೇ ಎಂದು ಕೇಳಿದೆ. ಯಜಮಾನರಿಗೆ ಗೊತ್ತಿರಲಿಲ್ಲ.

ಈಗ ಆ ಮಾತಿಗೆ ಬರುತ್ತೇನೆ. ಬ್ರೇಕ್ ಲೈಟ್ ಹತ್ತುತ್ತದೆ, ನಿಜ. ಆದರೆ ಪೆಡಲಿನ ಮೇಲಿರುವ ಆ ಬೆರಳುದ್ದದ ಸ್ವಿಚ್ಚಿನೊಳಗೆ ಇರುವುದು ಒಂದು ಜೋಡಿ ಕಾಂಟ್ಯಾಕ್ಟ್ ಅಲ್ಲ, ಎರಡು. ಕನೆಕ್ಟರಿನಲ್ಲಿ ನಾಲ್ಕು ಪಿನ್ ಇದ್ದರೆ ಹೆಚ್ಚಾಗಿ ಅದೇ ಅರ್ಥ. ಪೆಡಲ್ ಒತ್ತಿದಾಗ ಒಂದು ಜೋಡಿ ಕೂಡಿಕೊಂಡು ಲೈಟ್ ಹತ್ತಿಸುತ್ತದೆ. ಇನ್ನೊಂದು ಜೋಡಿ ಸುಮ್ಮನಿದ್ದಾಗ ಕೂಡಿಕೊಂಡಿದ್ದು, ಒತ್ತಿದಾಗ ಬಿಡುತ್ತದೆ. ಕ್ರೂಸ್ ಕಂಟ್ರೋಲ್‌ಗೆ ಬೇಕಾದದ್ದು ಈ ಎರಡನೆಯದು. ಲೈಟ್ ಹತ್ತಿತು ಎಂದರೆ ಮೊದಲ ಜೋಡಿ ಬದುಕಿದೆ ಎಂದಷ್ಟೇ. ಎರಡನೆಯದರ ಬಗ್ಗೆ ಲೈಟ್ ಏನೂ ಹೇಳುವುದಿಲ್ಲ.

ಕಾರಿನ ದೋಷದ ಕೋಡ್ ಓದುವ ಸ್ಕ್ಯಾನರಿನಲ್ಲಿ ಪಿ0504 ಕೂತಿತ್ತು. ಬ್ರೇಕ್ ಸ್ವಿಚ್ಚಿನ ಎರಡು ಸಿಗ್ನಲ್ ಒಂದಕ್ಕೊಂದು ಹೊಂದುತ್ತಿಲ್ಲ ಎಂಬ ಕೋಡ್ ಅದು. ಕೋಡ್ ಬಂದಾಕ್ಷಣ ಪಾರ್ಟ್ ಬದಲಿಸಲು ಹೋಗಬಾರದು. ವೈರ್, ಕನೆಕ್ಟರ್, ಸ್ವಿಚ್ಚಿನ ಅಡ್ಜಸ್ಟ್‌ಮೆಂಟ್, ಯಾವುದರಿಂದಲೂ ಅದು ಬರಬಹುದು. ಲೈವ್ ಡೇಟಾದಲ್ಲಿ ಬ್ರೇಕ್ ಸ್ವಿಚ್ 1, ಬ್ರೇಕ್ ಸ್ವಿಚ್ 2, ಕ್ಲಚ್ ಸ್ವಿಚ್, ವೇಗ ಈ ನಾಲ್ಕನ್ನೇ ಇಟ್ಟುಕೊಂಡು ರೆಕಾರ್ಡ್‌ಗೆ ಹಾಕಿ ಅದೇ ಹಳ್ಳದ ರಸ್ತೆಯಲ್ಲಿ ಓಡಿಸಿದೆವು. ಕಾಲು ಪೆಡಲಿನ ಹತ್ತಿರವೂ ಇರಲಿಲ್ಲ. ಹಳ್ಳ ಬಂದ ಕ್ಷಣಕ್ಕೆ ಸ್ವಿಚ್ 2ರ ಗೆರೆ ಚಕ್ಕನೆ ಬಿದ್ದೆದ್ದಿತು. ಸ್ವಿಚ್ 1 ಮಿಸುಕಲಿಲ್ಲ. ಯಜಮಾನರು ಆ ಗೆರೆಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು.

ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ ಕನೆಕ್ಟರ್ ತೆಗೆದು, ಕೂಡಿಕೊಂಡಿರಬೇಕಾದ ಜೋಡಿಗೆ ಮಲ್ಟಿಮೀಟರ್ ಇಟ್ಟಾಗ 0.4 ಓಮ್. ಸರಿಯಾಗೇ ಇದೆ. ಇಲ್ಲಿಗೇ ನಿಲ್ಲಿಸಿದ್ದರೆ ನಾವೂ ತಪ್ಪುತ್ತಿದ್ದೆವು. ಸ್ಕ್ರೂಡ್ರೈವರಿನ ಹಿಡಿಯಿಂದ ಸ್ವಿಚ್ಚನ್ನು ಮೆಲ್ಲಗೆ ತಟ್ಟುತ್ತಾ ಹೋದಂತೆ ಅಂಕಿ ಹಾರಿ ಓಪನ್ (ಸಂಪರ್ಕ ಕಡಿದಿದೆ) ಎಂದು ತೋರಿಸಿತು, ಮತ್ತೆ 0.4ಕ್ಕೆ ಬಂತು. ಒಳಗಿನ ಕಾಂಟ್ಯಾಕ್ಟಿನ ಹಿಡಿತ ಸಡಿಲವಾಗಿತ್ತು. ಬಂದುಹೋಗುವ ದೋಷವನ್ನು ಅಲುಗಾಡಿಸದೆ ಅಳೆಯಬಾರದು. ಪೆಡಲ್ ಸ್ವಿಚ್ಚಿಗೆ ತಾಗುವ ಜಾಗದಲ್ಲಿ ರಬ್ಬರಿನದೋ ಪ್ಲಾಸ್ಟಿಕ್ಕಿನದೋ ಒಂದು ಬಿಲ್ಲೆ ಇರುತ್ತದೆ, ಅದನ್ನೂ ನೋಡಿದೆವು. ಅದು ಪುಡಿಯಾಗಿ ಉದುರಿದರೆ ಬ್ರೇಕ್ ಲೈಟ್ ಆರುವುದೇ ಇಲ್ಲ, ಕ್ರೂಸ್ ಸೆಟ್ ಆಗುವುದೇ ಇಲ್ಲ. ಕಾಲಡಿಯ ಮ್ಯಾಟ್ ಮೇಲೆ ಅದರ ಚೂರು ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಇಲ್ಲಿ ಗಟ್ಟಿಯಾಗೇ ಇತ್ತು.

ಆಗ ಪಕ್ಕದಲ್ಲಿದ್ದವರೊಬ್ಬರು, "ಆ ಎರಡು ವೈರ್ ಸೇರಿಸಿಬಿಡಿ, ಮುಗೀತು" ಎಂದರು. ಈ ಸಲಹೆ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಸಂದೇಹ ಬಂದರೆ ಬಿಟ್ಟುಬಿಡು ಎಂದೇ ಕ್ರೂಸ್ ಕಂಟ್ರೋಲನ್ನು ಕಟ್ಟಿರುವುದು. ಅನೇಕ ಕಾರುಗಳಲ್ಲಿ ಎಬಿಎಸ್ ದೀಪವೋ ಚೆಕ್ ಎಂಜಿನ್ ದೀಪವೋ ಹತ್ತಿದ್ದರೂ ಅದು ಒಪ್ಪುವುದಿಲ್ಲ. ಹಳ್ಳದಲ್ಲಿ ಬಿಡುತ್ತಿದ್ದ ಈ ಕಾರಿನ ಕ್ರೂಸ್ ಕೆಟ್ಟಿರಲಿಲ್ಲ, ಅದಕ್ಕೆ ಸಿಕ್ಕ ಸುದ್ದಿ ಸುಳ್ಳಾಗಿತ್ತು. ವೈರ್ ಸೇರಿಸಿದರೆ, ನಿಜವಾಗಿ ಬ್ರೇಕ್ ಒತ್ತಿದ ದಿನ ಆ ಸುದ್ದಿಯನ್ನು ಕೊಡಬೇಕಾದ ಎರಡು ಬಾಯಿಗಳಲ್ಲಿ ಒಂದನ್ನು ನಾವೇ ಮುಚ್ಚಿದಂತೆ.

ಹೊಸ ಸ್ವಿಚ್ ಹಾಕುವಾಗ ತಪ್ಪುವುದು ಪೆಡಲಿಗೂ ಸ್ವಿಚ್ಚಿಗೂ ನಡುವಿನ ಅಂತರದಲ್ಲಿ. ತಾನೇ ಹೊಂದಿಕೊಳ್ಳುವ ಬಗೆಯದಾದರೆ ಪ್ಲಂಜರನ್ನು (ಸ್ವಿಚ್ಚಿನ ಒಳಹೊರಗೆ ಸರಿಯುವ ಕಡ್ಡಿಯನ್ನು) ಪೂರ್ತಿ ಹೊರಗೆಳೆದು, ಪೆಡಲ್ ಒತ್ತಿ ಹಿಡಿದು ಸ್ವಿಚ್ ಕೂರಿಸಿ, ಆಮೇಲೆ ಪೆಡಲನ್ನು ನಿಧಾನಕ್ಕೆ ಮೇಲೆ ಬಿಡಬೇಕು. ಇಂಥವುಗಳಲ್ಲಿ ಕೆಲವು ಒಮ್ಮೆ ಮಾತ್ರ ಹೊಂದುತ್ತವೆ, ಬಿಚ್ಚಿ ಮತ್ತೆ ಹಾಕಿದರೆ ಅಂತರ ಕೆಡುತ್ತದೆ. ಥ್ರೆಡ್ ಇರುವ, ತಿರುಗಿಸಿ ಕೂರಿಸುವ ಬಗೆಯದಾದರೆ ಮ್ಯಾನ್ಯುಯಲ್ ಹೇಳಿದ ಅಂತರ ಬಿಟ್ಟು ಲಾಕ್‌ನಟ್ ಬಿಗಿಯಬೇಕು. ಹೆಚ್ಚಾಗಿ ಅದು ಒಂದೆರಡು ಮಿಲಿಮೀಟರ್.

ಹಾಕಿದ ಮೇಲೆ ಯಜಮಾನರನ್ನೇ ಓಡಿಸಲು ಕೂರಿಸಿದೆವು. ಅದೇ ರಸ್ತೆ, ಅದೇ ಹಳ್ಳ, ಅದೇ 80. ಹಿಡಿದದ್ದು ಬಿಡಲಿಲ್ಲ. ಪರೀಕ್ಷೆ ಅಲ್ಲಿಗೆ ಮುಗಿಯುವುದಿಲ್ಲ, ಪೆಡಲಿಗೆ ಬರೀ ಪಾದ ಸೋಕಿಸಿ ಎಂದೆ. ಸೋಕಿಸಿದರು. ಬ್ರೇಕ್ ಹಿಡಿಯುವ ಮೊದಲೇ ಕ್ರೂಸ್ ಬಿಟ್ಟುಕೊಟ್ಟಿತು. ಇನ್ನೊಮ್ಮೆ ಸೆಟ್ ಮಾಡಿ ಕ್ಲಚ್ ಒತ್ತಿಸಿದೆ, ಆಗಲೂ ಬಿಟ್ಟಿತು.