ತಂಗಿ ಸಹಿ ಮಾಡಿದ ದಿನ

ಹೆತ್ತ ಕೂಸನ್ನು ಬಿಟ್ಟುಕೊಟ್ಟಳು ಅಂತ ನನ್ನ ತಂಗಿಯನ್ನು ಕಲ್ಲು ಮನಸ್ಸಿನವಳು ಅಂದವರು ನಮ್ಮ ಓಣಿಯಲ್ಲೇ ಇದ್ದಾರೆ. ಅವತ್ತು ಅವಳ ಜೊತೆ ಇದ್ದವಳು ನಾನು, ಅದಕ್ಕೇ ಬರೀತಿದ್ದೀನಿ.

ಊರಿನ ಹೆಸರು ಬೇಡ, ಗದಗ ರಸ್ತೆಯ ಒಂದು ಹಳ್ಳಿ. ಅವಳ ಗಂಡ ಹುಬ್ಬಳ್ಳಿ ಎಪಿಎಂಸಿಯಲ್ಲಿ ಹಮಾಲಿ ಮಾಡ್ತಾರೆ. ಮೊದಲ ಮಗನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಮೈ ಕೈ ಹಿಡಿತಕ್ಕೆ ಬರೋದಿಲ್ಲ. ಆಗ ಐದು ವರ್ಷ, ಇನ್ನೂ ಕತ್ತು ನಿಂತಿರಲಿಲ್ಲ. ವಾರಕ್ಕೆರಡು ಸಲ ಅವನನ್ನು ಹೆಗಲಿಗೆ ಹಾಕಿಕೊಂಡು ಬಸ್ಸಲ್ಲಿ ಹುಬ್ಬಳ್ಳಿಗೆ ಫಿಸಿಯೋಥೆರಪಿಗೆ ಬರ್ತಿದ್ದಳು. ಒಂದು ಬಟ್ಟಲು ಗಂಜಿ ಕುಡಿಸೋಕೆ ಒಂದು ತಾಸು ಬೇಕು, ಅವಸರ ಮಾಡಿದರೆ ನೆತ್ತಿಗೆ ಹತ್ತುತ್ತದೆ. ಅಂಗವಿಕಲ ಮಗುವನ್ನು ಸಾಕೋದು ಅಂದರೇನು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡನೆಯದು ಹೆಣ್ಣು. ಮಾರನೇ ದಿನ ರೌಂಡ್ಸಿಗೆ ಬಂದ ಡಾಕ್ಟರು ಕಲಿಯೋ ಹುಡುಗರಿಗೆ ಕೂಸಿನ ಅಂಗೈ ಬಿಡಿಸಿ ತೋರಿಸಿದರು, ಅಡ್ಡಕ್ಕೆ ಒಂದೇ ಗೆರೆ. ಹೆತ್ತವಳು ಅಲ್ಲೇ ಕೂತಿದ್ದಳು, ಅವಳಿಗೊಂದು ಮಾತು ಹೇಳಲಿಲ್ಲ. ಡೌನ್ ಸಿಂಡ್ರೋಮ್ ಅನ್ನೋ ಹೆಸರು ನಮಗೆ ಸಿಕ್ಕಿದ್ದು ಡಿಸ್ಚಾರ್ಜ್ ಚೀಟಿಯಲ್ಲಿ. ಆಮೇಲೆ ಬೇರೆ ಡಾಕ್ಟರೊಬ್ಬರು ಕೂರಿಸಿಕೊಂಡು ಬಿಡಿಸಿ ಹೇಳಿದರು: ನಮ್ಮೆಲ್ಲರಿಗೂ 21ನೇ ಕ್ರೋಮೋಸೋಮ್ ಎರಡಿರುತ್ತವೆ, ಇವಳಿಗೆ ಮೂರಿವೆ, ಇದರಲ್ಲಿ ಯಾರ ತಪ್ಪೂ ಇಲ್ಲ. ಇಂಥ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆಯೂ ಇರುತ್ತದಂತೆ. ನಮ್ಮ ಕೂಸಿಗೂ ಇತ್ತು. ಆಪರೇಷನ್ ಆಗಲೇಬೇಕು ಅಂದರು.

"ಯಾವುದರ ಮಠದ ಕಟ್ಟಿ ಮ್ಯಾಲ ಇಟ್ಟು ಬರೂಣು" ಅಂದರು ಅವಳ ಅತ್ತೆ. ಯಾರಿಗಾದರೂ ಬಾಂಡ್ ಪೇಪರ್ ಮೇಲೆ ಬರೆದು ಕೊಟ್ಟುಬಿಡಿ ಅಂದರು ಇನ್ನೊಬ್ಬರು. ಎರಡೂ ಕಾನೂನಿಗೆ ವಿರುದ್ಧ, ಕೂಸಿನ ಜೀವಕ್ಕೂ ಅಪಾಯ. ನಾನೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಕೂಸನ್ನು ಕಾನೂನು ಪ್ರಕಾರ ಒಪ್ಪಿಸೋದಾದರೆ ಸರ್ಕಾರದ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಗಂಡ ಹೆಂಡತಿ ಇಬ್ಬರೂ ಬರಬೇಕು ಅಂದರು.

ಸಮಿತಿಯವರು ಮೂರು ಜನ ಕೂತಿದ್ದರು. ಮೊದಲು ಅತ್ತೆಯನ್ನು ಹೊರಗೆ ಕಳಿಸಿದರು. "ನಿನಗ ಯಾರರ ಒತ್ತಾಯ ಮಾಡ್ಯಾರೇನವಾ?" ಅಂತ ಅಲ್ಲಿದ್ದ ಹಿರಿಯ ಹೆಣ್ಣುಮಗಳು ಕೇಳಿದರು. ಹೆರಿಗೆ ಆದಾಗಿನಿಂದ ಅವಳನ್ನು ಹಾಗೆ ಕೇಳಿದವರು ಅವರೊಬ್ಬರೇ, ನಾನೂ ಕೇಳಿರಲಿಲ್ಲ. ಆಪರೇಷನ್ನಿಗೆ, ಮುಂದಿನ ಚಿಕಿತ್ಸೆಗೆ ಸಿಗೋ ಸಹಾಯ ಎಲ್ಲ ಹೇಳಿದರು. ತಂಗಿ ಪೂರ್ತಿ ಕೇಳಿಸಿಕೊಂಡಳು.

"ಇಕಿನ್ನ ಎತ್ಕೊಂಡು ನಾ ದವಾಖಾನ್ಯಾಗ ಕುಂತ್ರ ಅಲ್ಲಿ ಅವಗ ನೀರು ಕುಡಿಸವ್ರಿಲ್ಲರಿ. ಇಬ್ರನ್ನೂ ಇಟ್ಕೊಂಡ್ರ ಇಬ್ರೂ ನನ್ನ ಕೈಯಾಗ ಉಳಿಯಂಗಿಲ್ಲ."

ಕೂಸನ್ನು ಒಪ್ಪಿಸೋ ಪತ್ರಕ್ಕೆ ಸಹಿ ಮಾಡಿದ ಮೇಲೂ 60 ದಿನ ಟೈಮ್ ಇರುತ್ತದೆ, ಅಷ್ಟರೊಳಗೆ ಮನಸ್ಸು ಬದಲಾದರೆ ಬಂದು ಕರ್ಕೊಂಡು ಹೋಗಬಹುದು, ಆಮೇಲೆ ಆಗೋದಿಲ್ಲ ಅಂತ ಎರಡೆರಡು ಸಲ ಹೇಳಿದರು.

ಆ 60 ದಿನ ಹೇಗೆ ಕಳೆದವು ಅಂತ ಓಣಿಯವರಿಗೆ ಏನು ಗೊತ್ತು? ಹಾಲು ಬತ್ತಲಿ ಅಂತ ಅವ್ವ ದಿನಾ ರಾತ್ರಿ ಮಲ್ಲಿಗೆ ಮಾಲೆ ಎದೆಗೆ ಕಟ್ಟುತ್ತಿದ್ದಳು. ಬೆಳಿಗ್ಗೆ ಬಿಚ್ಚಿದರೆ ಹೂವೆಲ್ಲ ಕಂದಿ, ಹಾಲಲ್ಲಿ ನೆಂದು ಅಂಟಂಟಾಗಿರುತ್ತಿದ್ದವು. 58ನೇ ದಿನ ಹೊಸ ಕುಂಚಿಗೆ, ಕೌದಿ ಎಲ್ಲ ಚೀಲಕ್ಕೆ ತುಂಬಿ ಕಟ್ಟೆ ಮೇಲೆ ಬಂದು ಕೂತಳು. ಎರಡು ಬಸ್ಸು ಹೋದವು. ಒಳಗೆ ಮಗ ಅಳೋಕೆ ಶುರು ಮಾಡಿದ. ಎದ್ದು ಹೋದಳು, ಚೀಲ ಸಂಜೆಯವರೆಗೂ ಅಲ್ಲೇ ಇತ್ತು.

ಕೂಸನ್ನು ಯಾರೋ ದತ್ತು ತಗೊಂಡಿರಬಹುದು. ನಮಗೆ ತಿಳಿಸೋದಿಲ್ಲ, ತಿಳಿಸಬಾರದು ಕೂಡ. ಅವಳು ಬದುಕಲಿ ಅಂತಲೇ ನನ್ನ ತಂಗಿ ಕೊಟ್ಟಿದ್ದು. ಅದನ್ನು ಬಿಸಾಕಿ ಬಂದಳು ಅನ್ನಬೇಡಿ, ದಯವಿಟ್ಟು.

ಅವತ್ತಿನ ಇನ್ನೊಂದು ಮಾತು ಹೇಳಬೇಕು. ಆ ಪತ್ರದಲ್ಲಿ ಒಂದು ಕಡೆ, ಮಗು ದೊಡ್ಡದಾದ ಮೇಲೆ ಹೆತ್ತವರನ್ನು ಹುಡುಕಿಕೊಂಡು ಬಂದರೆ ನಿಮ್ಮ ಒಪ್ಪಿಗೆ ಇದೆಯಾ ಇಲ್ಲವಾ ಅಂತ ಕೇಳಿರುತ್ತಾರೆ. ಓದಿ ಹೇಳಿದರು. ಅವಳ ಗಂಡ ತಲೆ ತಗ್ಗಿಸಿ ಕೂತಿದ್ದರು.

"ಬರ್ಲಿ ಅಂತ ಬರೀರಿ" ಅಂದಳು ತಂಗಿ. ಪೆನ್ನು ಕೈಗೆ ತಗೊಂಡವಳು ಮತ್ತೆ ಕೇಳಿದಳು, "ನಾವು ಮನಿ ಬದಲಿ ಮಾಡಿದ್ರ ನಿಮಗ ಬಂದು ಹೇಳ್ಬೇಕೇನ್ರಿ?"