ಹನ್ನೆರಡನೇ ಗಂಟೆಯ ರಕ್ತ

ಮನೋವೈದ್ಯಕೀಯ ಪೋಸ್ಟಿಂಗ್‌ನಲ್ಲಿ ನಮ್ಮ ಬ್ಯಾಚಿಗೆ ಮೊದಲು ಕಲಿಸಿದ್ದು ಗಡಿಯಾರ ನೋಡುವುದನ್ನು. ಅತಿ ಉತ್ಸಾಹ, ಖಿನ್ನತೆ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರ ರಕ್ತ ತೆಗೆಯುವ ಮುನ್ನ "ಕೊನೆಯ ಮಾತ್ರೆ ಎಷ್ಟು ಗಂಟೆಗೆ ತಗೊಂಡ್ರಿ?" ಎಂದು ಕೇಳಲೇಬೇಕಿತ್ತು. ಈಗ ಆ ವಾರ್ಡಿಗೆ ಹೋಗುವ ತಮ್ಮ ತಂಗಿಯರಿಗೆ ಆ ಪಾಠದಲ್ಲಿ ನೆನಪಿರುವುದನ್ನು ಬರೆಯುತ್ತಿದ್ದೇನೆ.

ರಾತ್ರಿ 9ಕ್ಕೆ ಮಾತ್ರೆ ನುಂಗಿದ್ದರೆ ಬೆಳಿಗ್ಗೆ 9ಕ್ಕೆ ರಕ್ತ. ಬೆಳಗಿನ ಡೋಸ್ ಇದ್ದರೆ ಅದು ರಕ್ತ ಕೊಟ್ಟ ಮೇಲೆಯೇ. ಮಾತ್ರೆ ನುಂಗಿ ನಾಲ್ಕೈದು ಗಂಟೆಯಾಗುವಷ್ಟರಲ್ಲೇ ತೆಗೆದರೆ ಅಂಕಿ ಸುಮ್ಮನೆ ಏರಿರುತ್ತದೆ. ಅದನ್ನು ನಂಬಿ ಡೋಸ್ ಇಳಿಸಿದರೆ ಮೇನಿಯಾ, ಅಂದರೆ ಆ ಮಿತಿಮೀರಿದ ಉತ್ಸಾಹದ ಸ್ಥಿತಿ, ಮರಳಬಹುದು. ಡೋಸ್ ಬದಲಿಸಿದ ಮೇಲೆ 5ರಿಂದ 7 ದಿನ ಕಾಯಬೇಕು, ಅದಕ್ಕೂ ಮೊದಲು ಮಟ್ಟ ನೆಲೆ ನಿಂತಿರುವುದಿಲ್ಲ. ಟ್ಯೂಬಿನ ಲೇಬಲ್ಲನ್ನೂ ಓದಿ. ರಕ್ತ ಹೆಪ್ಪುಗಟ್ಟದಿರಲೆಂದು ಬಳಸುವ ಲಿಥಿಯಂ ಹೆಪಾರಿನ್ ಟ್ಯೂಬಿನೊಳಗೇ ಲಿಥಿಯಂ ಇರುವುದರಿಂದ, ಮಾತ್ರೆ ಮುಟ್ಟದವರ ರಕ್ತದಲ್ಲೂ ಅದು ವಿಷಮಟ್ಟ ತೋರಿಸಬಲ್ಲದು.

ಕಾಯಿಲೆ ಮರುಕಳಿಸದಂತೆ ಕಾಯಲು ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಸಾಕು. 1.5 ದಾಟಿದರೆ ವಿಷವೇರಿಕೆಯ ಭಯ. ನಡುವಿನ ಅಂತರ ಇಷ್ಟೇ ಇರುವುದರಿಂದಲೇ ಶುರು ಮಾಡುವ ಮುಂಚೆ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ), ಥೈರಾಯ್ಡ್, ಕ್ಯಾಲ್ಸಿಯಂ, ತೂಕ, ಹೃದಯದ ತೊಂದರೆಯಿದ್ದರೆ ಇಸಿಜಿ, ಗರ್ಭದ ಸಾಧ್ಯತೆಯಿದ್ದರೆ ಅದರ ಪರೀಕ್ಷೆ.

ಮೂತ್ರಪಿಂಡ ಲಿಥಿಯಂ ಅನ್ನು ಸೋಡಿಯಂನಂತೆಯೇ ಹಿಂದಕ್ಕೆ ಹೀರುತ್ತದೆ. ವಾಂತಿಭೇದಿಯಾಗಿ ನೀರು, ಉಪ್ಪು ಇಳಿದಾಗ ಅದು ಸೋಡಿಯಂ ಉಳಿಸಿಕೊಳ್ಳಲು ಹೊರಟು ಲಿಥಿಯಂ ಅನ್ನೂ ಉಳಿಸಿಕೊಳ್ಳುತ್ತದೆ. ಬಿಪಿಗೆಂದು ಕೊಟ್ಟ ಥಯಾಜೈಡ್ ಅಥವಾ ಎನಾಲಾಪ್ರಿಲ್, ಮಂಡಿನೋವಿಗೆ ನುಂಗಿದ ಐಬುಪ್ರೊಫೆನ್, ಇವುಗಳಿಂದಲೂ ಮಟ್ಟ ಏರುತ್ತದೆ. ಲಿಥಿಯಂ ಡೋಸ್ ಬದಲಾಗದೆಯೇ ವಿಷವಾಗುವುದು ಹೀಗೆ. ಆದ್ದರಿಂದ ಬೇರೆ ವೈದ್ಯರ ಚೀಟಿಗಳನ್ನು ಕೇಳಿ ನೋಡಿ.

ಕೈ ಚಾಚಿಸಿ ಬೆರಳುಗಳ ಮೇಲೆ ಒಂದು ಹಾಳೆ ಇಡಿ. ಅಂಚು ಸಣ್ಣಗೆ, ಬೇಗಬೇಗ ಅದುರಿದರೆ ಅದು ಸರಿಯಾದ ಮಟ್ಟದಲ್ಲೂ ಕಾಣುವ ನಡುಕ. ಕೈಯೇ ಒರಟಾಗಿ ನಡುಗುತ್ತಿದ್ದರೆ, ಮಾತು ತೊದಲಿದರೆ, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯುವಾಗ ವಾಲಿದರೆ ಔಷಧ ಅಲ್ಲಿಗೇ ನಿಲ್ಲಿಸಿ, ಲಿಥಿಯಂ ಮಟ್ಟ, ಕ್ರಿಯಾಟಿನಿನ್, ಸೋಡಿಯಂಗೆ ರಕ್ತ ಕಳಿಸಿ. ವರ್ಷಗಟ್ಟಲೆ ತೆಗೆದುಕೊಂಡ ವಯಸ್ಸಾದವರಲ್ಲಿ ವರದಿ 1.2 ಎಂದರೂ ಇವೆಲ್ಲ ಇರಬಹುದು. ವರದಿ ನೋಡಿ ಸಮಾಧಾನಪಡಬೇಡಿ. ಸಲೈನ್ ಹಾಕುವಾಗ ಸೋಡಿಯಂ ಮತ್ತೆ ಮತ್ತೆ ನೋಡಬೇಕು. ಲಿಥಿಯಂನಿಂದ ಮೂತ್ರ ಗಟ್ಟಿಮಾಡುವ ಶಕ್ತಿ ಕುಂದಿದವರಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೇರಬಹುದು. ಪ್ರಜ್ಞೆ ಮಂಕಾದರೆ, ಫಿಟ್ಸ್ ಬಂದರೆ ಡಯಾಲಿಸಿಸ್.

ಕಾನೂನಿನ ಪಾಠವೂ ಗಡಿಯಾರದ್ದೇ. ಮೇನಿಯಾದಲ್ಲಿರುವವರು ಲಿಥಿಯಂ ಬೇಡವೆಂದಾಗ ಕೇಸ್ ಶೀಟಿನಲ್ಲಿ "ನಿರ್ಧರಿಸುವ ಸಾಮರ್ಥ್ಯವಿಲ್ಲ" ಎಂದು ಗೀಚುವುದು ದೊಡ್ಡ ತಪ್ಪು. ಯಾವ ನಿರ್ಧಾರಕ್ಕೆ, ಯಾವ ಹೊತ್ತಿನಲ್ಲಿ? ಕಾನೂನು ದೇಶದಿಂದ ದೇಶಕ್ಕೆ ಬೇರೆಯಾದರೂ ಕೇಳಬೇಕಾದ್ದು ಹೆಚ್ಚುಕಡಿಮೆ ಇಷ್ಟು: ಹೇಳಿದ್ದು ಅರ್ಥವಾಯಿತೇ, ನಿರ್ಧರಿಸುವವರೆಗೆ ನೆನಪಿರುತ್ತದೆಯೇ, ಲಾಭ ನಷ್ಟ ತೂಗಬಲ್ಲರೇ, ತಮ್ಮ ತೀರ್ಮಾನ ತಿಳಿಸಬಲ್ಲರೇ. ತೂಗುವುದರಲ್ಲೇ ಮೇನಿಯಾ ಹೆಚ್ಚಾಗಿ ಅಡ್ಡ ಬರುತ್ತದೆ. "ನನಗೆ ಯಾವ ಕಾಯಿಲೆಯೂ ತಾಗುವುದಿಲ್ಲ" ಎನ್ನುವವರ ಮುಂದೆ ಅಪಾಯದ ಮಾತಿಗೆ ತೂಕವೇ ಇರುವುದಿಲ್ಲ. ಆದರೆ "ಕೈ ನಡುಗಿದರೆ ಬರೆಯುವ ಕೆಲಸ ಹೋಗುತ್ತದೆ, ಬೇರೆ ಔಷಧ ಕೊಡಿ" ಎಂದವರು ತೂಗಿಯೇ ಹೇಳಿದ್ದಾರೆ. ಅದು ನಮಗೆ ಒಪ್ಪಿಗೆಯಾಗದಿದ್ದರೂ ಅವರ ಹಕ್ಕು.

ಕೇಳಿದ ಪ್ರಶ್ನೆ, ಅವರದೇ ಮಾತಿನ ಉತ್ತರ, ದಿನಾಂಕ, ಗಂಟೆ ಬರೆದಿಡಿ. ನಾಲ್ಕು ರಾತ್ರಿ ಚೆನ್ನಾಗಿ ನಿದ್ದೆ ಬಂದ ಮೇಲೆ ಮತ್ತೆ ಕೇಳಿ.