ಬಂಗುಡೆಯ ಬಾಲ

ಇವತ್ತು ಕಾರವಾರದ ಮೀನು ಮಾರ್ಕೆಟ್‌ನಲ್ಲಿ ಗೆಳೆಯನ 50 ಎಂಎಂ ಲೆನ್ಸ್ ಹಾಕಿ ನೋಡಿದೆ. ಎಫ್ 1.8, ಅಂದರೆ ಬೆಳಕು ಬರುವ ಕಿಂಡಿ ದೊಡ್ಡದು (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಫೋಕಸ್ ಆದ ಜಾಗ ಮಾತ್ರ ಚೂಪು.

ಬಂಗುಡೆಯ ಕಣ್ಣು ಚೂಪಾಗಿ ಬಂತು. ಬಾಲ ಪೂರ್ತಿ ಮಸುಕು. ಮಾರುವ ಅಕ್ಕ ಸ್ಕ್ರೀನ್ ನೋಡಿ, "ಬಾಲ ಎಲ್ಲಿ ಹೋಯ್ತು ತಮ್ಮಾ? ಅದನ್ನೂ ಸೇರಿಸಿಯೇ ರೇಟ್ ಹೇಳಿದ್ದು" ಅಂದರು.

ಕ್ಯಾಮೆರಾ ಜೊತೆ ಬಂದ 18-55 ಎಂಎಂ ಕಿಟ್ ಲೆನ್ಸ್‌ನಲ್ಲಿ ಪೂರ್ತಿ ಝೂಮ್ ಮಾಡಿದರೆ ಎಫ್ 5.6. ಈ 50 ಎಂಎಂನಲ್ಲಿ ಅದರ ಒಂಬತ್ತು ಪಟ್ಟಿಗಿಂತ ಜಾಸ್ತಿ ಬೆಳಕು ಬರುತ್ತದೆ. ಫ್ಲ್ಯಾಶ್ ಬೇಡ. ಝೂಮ್ ಇಲ್ಲ, ಹಿಂದೆ ಸರಿಯಬೇಕು. ಸರಿದರೆ ಕಾಲಿಗೆ ಐಸ್ ನೀರು!

ಟಾಗೋರ್ ಬೀಚಿನ ಸೂರ್ಯಾಸ್ತಕ್ಕೆ ಕಿಟ್ ಲೆನ್ಸೇ ಸಾಕು, ಅಲ್ವಾ? ರಾತ್ರಿಯ ಯಕ್ಷಗಾನಕ್ಕೆ ಮಾತ್ರ ಇದೇ ಬೇಕು. ಸೆಕೆಂಡ್ ಹ್ಯಾಂಡ್ ಯಾರ ಹತ್ತಿರವಾದರೂ ಇದ್ದರೆ ಹೇಳಿ. ಒಳಗೆ ಫಂಗಸ್ ಇರಬಾರದು. ನಮ್ಮ ಕಡೆ ಮಳೆಗಾಲ ಗೊತ್ತಲ್ಲ.